ಕೋಟಿ ಕಿವಿ ಕೇಳಿತು... ಕಾಸು ಯಾರ ಜೇಬಿಗೆ?



ನಿಮ್ಮ ಪತ್ರಗಳಲ್ಲಿ ಈಗೀಗ ಒಂದೇ ಜಗಳ. ‘ನಮ್ಮ ಬಾಸ್ ಹಾಡು ಒಂದೇ ದಿನಕ್ಕೆ ಇಷ್ಟು ಲಕ್ಷ ವ್ಯೂಸ್, ನಿಮ್ಮೋರದು ಎಷ್ಟು ಹೇಳ್ರೀ?’ ಅಂತ ಒಬ್ಬ. ‘ಅವೆಲ್ಲ ಕಾಸು ಕೊಟ್ಟು ತಂದ ವ್ಯೂಸ್ ಕಣಯ್ಯಾ’ ಅಂತ ಇನ್ನೊಬ್ಬ. ಹಿಂದೆ ನೂರು ದಿನ, ಇಪ್ಪತ್ತೈದು ವಾರ ಅಂತ ಪಂದ್ಯ ಕಟ್ಟುತ್ತಿದ್ದ ಅಭಿಮಾನಿಗಳು ಈಗ ವ್ಯೂಸ್ ಎಣಿಸುತ್ತಿದ್ದಾರೆ. ಎಣಿಸಿ, ಬೇಡ ಅನ್ನೋಲ್ಲ. ಆದರೆ ಈ ವಾರ ನನ್ನದೂ ಒಂದು ಪ್ರಶ್ನೆ ಇದೆ. ಕೇಳಿದವರ ಲೆಕ್ಕ ಇಷ್ಟು ಜೋರಾಗಿದೆಯಲ್ಲ, ಹಾಡಿದವನ ಲೆಕ್ಕ ಎಲ್ಲಿದೆ?

ದೊಡ್ಡ ನಾಯಕನ ಚಿತ್ರದ ಮಾತು ಬಿಡಿ. ಅಲ್ಲಿ ನಿರ್ಮಾಪಕರಿದ್ದಾರೆ, ಆಡಿಯೋ ಕಂಪನಿ ಇದೆ, ವ್ಯವಹಾರ ಮೊದಲೇ ಮುಗಿದಿರುತ್ತದೆ. ನಾನು ಕೇಳುತ್ತಿರುವುದು ಹಿಂದೆ ಮುಂದೆ ಯಾರೂ ಇಲ್ಲದ ಹಾಡುಗಾರನ ಬಗ್ಗೆ. ತಾನೇ ಹಾಡಿ, ತಾನೇ ತಾಳ ಹಾಕಿ, ತಾನೇ ಊರೂರು ತಿರುಗುವವನು. ಇಂಗ್ಲಿಷ್ ಪತ್ರಿಕೆಗಳು ಅಂಥವನನ್ನು ‘ಇಂಡಿಪೆಂಡೆಂಟ್ ಮ್ಯುಸಿಷಿಯನ್’ ಅಂತ ಕರೆಯುತ್ತವೆ. ಬೆಂಗಳೂರಿನ ಗಿಟಾರ್ ಹುಡುಗನಷ್ಟೇ ಇಂಡಿಪೆಂಡೆಂಟ್ ಅಂತ ತಿಳೀಬೇಡಿ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಕಡೆ ಕಂಸಾಳೆ ಹಿಡಿದ ದೇವರಗುಡ್ಡರು, ತಂಬೂರಿ ಹಿಡಿದ ನೀಲಗಾರರು ಯಾವ ಕಂಪನಿಯ ಹಂಗೂ ಇಲ್ಲದೆ ತಲೆತಲಾಂತರದಿಂದ ಹಾಡಿಕೊಂಡು ಬಂದವರು. ಅವರಿಗಿಂತ ದೊಡ್ಡ ಇಂಡಿಪೆಂಡೆಂಟ್ ಯಾರಿದ್ದಾರೆ ಹೇಳಿ?

ಹಾಡು ಹುಟ್ಟಿದ ನೆಲ

ಚಿತ್ರರಂಗಕ್ಕೆ ಈ ಸೀಮೆಯ ಋಣ ಸಣ್ಣದಲ್ಲ. ಚಾಮರಾಜನಗರದಿಂದ ಗಡಿ ದಾಟಿದರೆ ತಾಳವಾಡಿ ಕಡೆಯ ಗಾಜನೂರು ಸಿಗುತ್ತದೆ. ನಮ್ಮ ಅಣ್ಣಾವ್ರ ಊರು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕೂತು ಹಾಡಿದ ಆ ದನಿ, 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನೇ ತಂದಿತು. 1996ರಲ್ಲಿ ಟಿ.ಎಸ್. ನಾಗಾಭರಣ ‘ಜನುಮದ ಜೋಡಿ’ ತೆಗೆದಾಗ ಆದದ್ದೇನು? ಮಾದೇಶ್ವರನ ಪರಂಪರೆಯ ‘ಕೋಲುಮಂಡೆ’ ಪದವನ್ನು ವಿ. ಮನೋಹರ್ ಚಿತ್ರಕ್ಕೆ ಹೊಂದಿಸಿದರು, ಎಲ್.ಎನ್. ಶಾಸ್ತ್ರಿ ಹಾಡಿದರು, ಥಿಯೇಟರುಗಳಲ್ಲಿ ಶಿಳ್ಳೆಯೋ ಶಿಳ್ಳೆ! ಶಾಸ್ತ್ರಿಯವರಿಗೆ ರಾಜ್ಯಪ್ರಶಸ್ತಿಯೂ ಬಂತು. ಸಿಗಬೇಕಾದದ್ದೇ, ಹಾಗೆ ಹಾಡಿದ್ದರು ಪುಣ್ಯಾತ್ಮರು.

ಆದರೆ ಆ ಪದವನ್ನು ಅಷ್ಟು ವರ್ಷ ಉಳಿಸಿಕೊಂಡು ಬಂದವರು ಯಾರು? ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗೆ ಹೋಗುವ ಪರಿಸೆಯ ಜೊತೆ ನಡೆದು, ಜಗಲಿಯ ಮೇಲೆ ಕೂತು ರಾತ್ರಿಯಿಡೀ ಕಥೆ ಮಾಡಿದ ಗುಡ್ಡರು. ಜನವರಿ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೋಗಿ ನೋಡಿ. ಸಿದ್ದಪ್ಪಾಜಿಯ ಗದ್ದುಗೆಯ ಸುತ್ತ ಐದು ದಿನ ಎತ್ತ ತಿರುಗಿದರೂ ತಂಬೂರಿಯ ದನಿ.

ಈ ಜನಕ್ಕೆ ಹಿಂದೆ ಕೂಲಿ ಬರುತ್ತಿದ್ದುದು ಕೈಯಿಂದ ಕೈಗೆ. ಹರಕೆ ಹೊತ್ತವರು ಮನೆಗೆ ಕರೆಸಿ ಕಥೆ ಮಾಡಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ಮೊರದ ತುಂಬ ರಾಗಿ, ಒಂದು ಪಂಚೆ, ಎಲೆ ಅಡಿಕೆ, ಕಾಸು. ಹೆಚ್ಚೇನಲ್ಲ ನಿಜ. ಆದರೆ ಕೇಳಿದವನು ಎದುರಿಗಿದ್ದ, ಕೊಟ್ಟವನ ಮುಖ ಕಾಣುತ್ತಿತ್ತು.

ಕ್ಯಾಸೆಟ್ ಹೋಯ್ತು, ಚಿಪ್ ಬಂತು

ಆಮೇಲೆ ಕ್ಯಾಸೆಟ್ ಕಾಲ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಚಿತ್ರಗೀತೆಯ ಪಕ್ಕದಲ್ಲೇ ಮಾದೇಶ್ವರನ ಕಥೆ, ಸಿದ್ದಪ್ಪಾಜಿ ಕಥೆ. ಮಳವಳ್ಳಿ ಮಹದೇವಸ್ವಾಮಿ ಅವರಂಥ ಗಾಯಕರ ದನಿ ಹೊಲದಿಂದ ಹೊಲಕ್ಕೆ ಹೋಯಿತು. ಅಂಥ ಹೆಸರು ಮಾಡದ ಎಷ್ಟೋ ಹಾಡುಗಾರರಿಗೆ ಕ್ಯಾಸೆಟ್ ಅಂದರೆ ಒಂದು ಸಾರಿ ಕೈಗೆ ಬಂದ ದುಡ್ಡು, ಒಂದು ಸಹಿ, ಅಲ್ಲಿಗೆ ಮುಗೀತು. ಮುಂದೆ ಎಷ್ಟು ಸಾವಿರ ಮಾರಾಟವಾದರೂ ಲೆಕ್ಕ ಕೇಳುವ ಹಾಗಿಲ್ಲ.

ಅದೂ ಹೋಯ್ತು. ಮೊಬೈಲ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಚಿಪ್ ತುಂಬ ಹಾಡು ತುಂಬಿಸಿಕೊಳ್ಳುವ ಕಾಲ ಬಂತು. ನೆನಪಿದೆಯಾ? ನೀವೂ ತುಂಬಿಸಿದ್ದೀರಿ, ಸುಳ್ಳು ಹೇಳಬೇಡಿ! ಆಗ ಹಾಡುಗಾರನಿಗೆ ಸಿಕ್ಕಿದ್ದು ಸೊನ್ನೆ, ಕಂಪನಿಗೂ ಸೊನ್ನೆ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರಲ್ಲಿ ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ನಮ್ಮ ದೇಶಕ್ಕೆ ಕಾಲಿಟ್ಟವು. ಗಾನಾ, ಜಿಯೋಸಾವನ್ ಆಗಲೇ ಇದ್ದವು. ‘ಇನ್ನು ಪ್ರತಿ ಕೇಳ್ವಿಗೂ ಲೆಕ್ಕ ಉಂಟು, ಹಾಡುಗಾರನಿಗೆ ನ್ಯಾಯ ಸಿಗುತ್ತೆ’ ಅಂತ ಹಲವರು ಹಿಗ್ಗಿದರು. ಲೆಕ್ಕವೇನೋ ಬಂತು. ಆದರೆ ಲೆಕ್ಕ ಬರೆಯುವ ಪೆನ್ನು ಯಾರ ಕೈಲಿದೆ ಅನ್ನೋದು ಮುಖ್ಯ ಅಲ್ಲವೇ?

ಮೂವತ್ತು ಸೆಕೆಂಡಿನ ಮಹಿಮೆ

ಸ್ಪಾಟಿಫೈ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಸರಿ. ಮೂರು ನಿಮಿಷದ ಹಾಡು ಪೂರ್ತಿ ಕೇಳಿದರೂ ಒಂದೇ. ಒಂದು ಗಂಟೆಯ ಕಥೆಯನ್ನು ಕಣ್ಣೊರೆಸಿಕೊಂಡು ಕೇಳಿದರೂ ಒಂದೇ!

ಈಗ ನಮ್ಮ ಗುಡ್ಡರ ಕಥೆ ನೋಡಿ. ಮಾದೇಶ್ವರನ ಕಾವ್ಯದಲ್ಲಿ ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಅಂತ ಒಂದರ ಹಿಂದೆ ಒಂದು. ಪೂರ್ತಿ ಹಾಡಬೇಕಾದರೆ ಒಂದು ರಾತ್ರಿ ಸಾಲದು. ಮುಂದಾಳು ಹೇಳಬೇಕು, ಹಿಮ್ಮೇಳದವರು ಎತ್ತಿಕೊಳ್ಳಬೇಕು, ನಡುವೆ ಮಾತು ಬರಬೇಕು, ನಗಿಸಬೇಕು, ಅಳಿಸಬೇಕು. ಗುಂಡ್ಲುಪೇಟೆ ಕಡೆಯ ಒಬ್ಬ ಹಿರಿಯ ಗುಡ್ಡರು, ಹೆಸರು ಹಾಕಬೇಡಿ ಅಂದರು, ನನಗೆ ಹೇಳಿದ ಮಾತು ಹೀಗಿತ್ತು: ‘ರಾತ್ರಿಯೆಲ್ಲ ಯೋಳೋ ಕತ ಸಾಮಿ ಇದು. ಮೂರ್ ನಿಮುಸ್ಕ ಕತ್ರುಸ್ಕೊಡಿ ಅಂತಾರ ಹುಡುಗ್ರು. ಯಾವುದ್ನ ಕತ್ರುಸ್ಲಿ? ದ್ಯಾವ್ರ ಕಯ್ಯನ್ನೋ, ಕಾಲನ್ನೋ?’

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿದ್ದರೆ ಬರೆದು ಕಳಿಸಿ.

ಒಂದು ಸ್ಟ್ರೀಮಿಗೆ ಇಂತಿಷ್ಟು ಪೈಸೆ ಅಂತ ಗೊತ್ತುಮಾಡಿದ ದರವೂ ಇಲ್ಲ. ತಿಂಗಳ ದುಡ್ಡೆಲ್ಲ ಒಂದು ಹುಂಡಿಗೆ ಬೀಳುತ್ತದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಾಡಿನ ಹಕ್ಕುದಾರರಿಗೆ ಹೋಗುತ್ತದೆ ಅಂತ ಸ್ಪಾಟಿಫೈ ತಾನೇ ಹೇಳಿಕೊಂಡಿದೆ. ಆ ಪಾಲನ್ನು ಒಟ್ಟು ಸ್ಟ್ರೀಮ್‌ಗಳ ಮೇಲೆ ಹಂಚುತ್ತಾರೆ. ಏನು ಹಾಗಂದ್ರೆ? ಒಂದು ಲೆಕ್ಕ ಹಾಕೋಣ, ಇದು ಬರೀ ಉದಾಹರಣೆಗೆ.

ನಂಜ, ಮಾದ ಅಂತ ಇಬ್ಬರು ಗೆಳೆಯರು. ತಿಂಗಳಿಗೆ ತಲಾ 100 ರೂಪಾಯಿ ಕಟ್ಟಿದರು. ನಂಜ ತನ್ನ ಹೀರೋ ಹಾಡನ್ನು 990 ಸಾರಿ ಹಾಕಿದ, ಅಭಿಮಾನ ನೋಡಿ! ಮಾದ ಒಬ್ಬ ಗುಡ್ಡರ ಕಥೆಯನ್ನು ಮಾತ್ರ 10 ಸಾರಿ ಕೇಳಿದ, ಬೇರೇನೂ ಕೇಳಲಿಲ್ಲ. ಒಟ್ಟು 1,000 ಸ್ಟ್ರೀಮ್, ಒಟ್ಟು 200 ರೂಪಾಯಿ. ಹಂಚೋಕೆ ಉಳಿದದ್ದು ಸುಮಾರು 133 ರೂಪಾಯಿ. ಗುಡ್ಡರ ಪಾಲು ನೂರಕ್ಕೆ ಒಂದು, ಅಂದರೆ 1 ರೂಪಾಯಿ 33 ಪೈಸೆ! ಮಾದ ಕೊಟ್ಟ ದುಡ್ಡೂ ನಂಜನ ಹೀರೋ ಹಾಡಿಗೇ ಹೋಯ್ತು. ಮಾದ ಕಟ್ಟಿದ್ದು ಮಾದ ಕೇಳಿದವರಿಗೇ ಸೇರಲಿ ಅಂತ ಮಾಡಿದ್ದರೆ ಗುಡ್ಡರಿಗೆ 66 ರೂಪಾಯಿ ಮೇಲೆ ಬರುತ್ತಿತ್ತು. ಇದೇನು ಆಗದ ಮಾತಲ್ಲ. ಸೌಂಡ್‌ಕ್ಲೌಡ್ ಅನ್ನುವ ಹೊರದೇಶದ ಕಂಪನಿ 2021ರಲ್ಲೇ ಇಂಥ ಹಂಚಿಕೆ ಶುರುಮಾಡಿದೆ. ಮನಸ್ಸಿದ್ದರೆ ಮಾರ್ಗ.

ಇನ್ನೊಂದು ಕೇಳಿ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಕಾಣದ ಹಾಡಿನ ರೆಕಾರ್ಡಿಂಗಿಗೆ ಕಾಸೇ ಇಲ್ಲ. ಅದರ ಪಾಲು ಉಳಿದವರಿಗೆ. ಸಣ್ಣ ಹಳ್ಳದ ನೀರನ್ನೂ ಕಾವೇರಿಗೇ ತಿರುಗಿಸಿದ ಹಾಗಾಯ್ತು.

ಅಂಗಡಿಯಾದರೂ ಗಟ್ಟಿಯಾಗಿ ನಿಲ್ಲುತ್ತದೆಯೇ? ರೆಸ್ಸೋ 2024ರ ಜನವರಿಯಲ್ಲಿ ನಮ್ಮ ದೇಶದಲ್ಲಿ ಬಾಗಿಲು ಹಾಕಿತು. ಅದೇ ವರ್ಷ ವಿಂಕ್ ಕೂಡ ಮುಚ್ಚಿತು. ಅಲ್ಲಿ ಕಷ್ಟಪಟ್ಟು ಕೂಡಿಸಿದ್ದ ಕೇಳುಗರನ್ನು ಹಾಡುಗಾರ ಬೇರೆ ಕಡೆ ಮೊದಲಿನಿಂದ ಹುಡುಕಿಕೊಳ್ಳಬೇಕು.

ಕಾಗದ ಯಾರ ಹೆಸರಲ್ಲಿ?

ಚಿತ್ರದ ಗಲ್ಲಾಪೆಟ್ಟಿಗೆ ತುಂಬಿತು ಅಂದ ಮಾತ್ರಕ್ಕೆ ನಿರ್ಮಾಪಕನ ಜೇಬು ತುಂಬಲಿಲ್ಲ ಅನ್ನೋದು ನಿಮಗೆ ಗೊತ್ತಿದೆ. ಥಿಯೇಟರಿನ ಪಾಲು, ಹಂಚಿಕೆದಾರರ ಪಾಲು, ತೆರಿಗೆ ಎಲ್ಲ ಕಳೆದು ಉಳಿದದ್ದು ಅವನಿಗೆ. ಹಾಡಿನದೂ ಅದೇ ಕಥೆ. ಆಪ್‌ಗಳು ದುಡ್ಡು ಕೊಡುವುದು ಹಾಡುಗಾರನಿಗಲ್ಲ, ಹಕ್ಕುದಾರನಿಗೆ. ನಡುವೆ ಹಾಡನ್ನು ಆಪ್‌ಗೆ ತಲುಪಿಸುವ ಹಂಚಿಕೆ ಕಂಪನಿ ಬೇರೆ. ಹಕ್ಕುದಾರ ಯಾರು ಅಂದರೆ ಕಾಗದದಲ್ಲಿ ಯಾರ ಹೆಸರಿದೆಯೋ ಅವರು.

ಈ ಕಾಗದದ ಜಗಳ ಇವತ್ತಿನದಲ್ಲ. 1977ರಲ್ಲಿ ಸುಪ್ರೀಂ ಕೋರ್ಟು, ಸಂಬಳ ಕೊಟ್ಟು ಮಾಡಿಸಿಕೊಂಡ ಚಿತ್ರಸಂಗೀತಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ನಿರ್ಮಾಪಕನೇ ಒಡೆಯ ಅಂತ ತೀರ್ಪು ಕೊಟ್ಟಿತು. ಅದೇ ತೀರ್ಪಿನ ಜೊತೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಹಾಡುವವನಿಗೆ ಹಕ್ಕಿಲ್ಲದಿರುವುದು ನಮ್ಮ ದೇಶದ ಸ್ವಭಾವಕ್ಕೆ ಒಗ್ಗುವುದಿಲ್ಲ ಎಂಬ ಅರ್ಥದ ಮಾತು ಬರೆದರು. ಆ ಮಾತು ಕಾನೂನಾಗಲು ಬಹಳ ವರ್ಷ ಹಿಡಿಯಿತು. 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಅಂತ ಬಂತು. 2012ರ ತಿದ್ದುಪಡಿ ಅದನ್ನು ಬಲಪಡಿಸಿತು. ಚಿತ್ರಗೀತೆ ಬರೆದವರಿಗೆ, ಸಂಗೀತ ಕೊಟ್ಟವರಿಗೆ ಥಿಯೇಟರಿನ ಹೊರಗಿನ ಗಳಿಕೆಯಲ್ಲಿ ಸಮಪಾಲು ಅಂತಲೂ ಆಯಿತು.

ಕಾನೂನಿನಲ್ಲಿ ‘ಪ್ರದರ್ಶಕ’ ಅಂದರೆ ಯಾರು ಗೊತ್ತಾ? ನಟ, ಗಾಯಕ, ವಾದ್ಯಗಾರ, ನರ್ತಕ... ಹಾವಾಡಿಗನ ಹೆಸರೂ ಇದೆ ಸ್ವಾಮೀ! ಹಾವಾಡಿಗನಿಗೇ ಇರುವ ಹಕ್ಕು ಕಂಸಾಳೆಯವನಿಗೆ ಇಲ್ಲದೆ ಹೋಗುತ್ತದೆಯೇ? ಮಾದಪ್ಪನ ಪದಕ್ಕೆ ಒಡೆಯರಿಲ್ಲ, ಅದು ಊರ ಸೊತ್ತು, ನಿಜ. ಆದರೆ ಅದನ್ನು ಇಂಥ ರಾತ್ರಿ, ಇಂಥ ಜಗಲಿಯ ಮೇಲೆ, ಇಂಥ ದನಿಯಲ್ಲಿ ಹಾಡಿದ ಆ ಹಾಡಿಕೆ ಹಾಡಿದವನದು. ಅವನ ಒಪ್ಪಿಗೆ ಇಲ್ಲದೆ ರೆಕಾರ್ಡು ಮಾಡಿ ಊರಿಗೆಲ್ಲ ಹಂಚುವ ಹಾಗಿಲ್ಲ. ಹಂಚಿದರೂ ಅವನ ಹೆಸರು ಹಾಕಬೇಕು. ಈ ಹಕ್ಕಿನ ಆಯಸ್ಸು 50 ವರ್ಷ.

ನಡೆಯುತ್ತಿರುವುದೇನು? ಜಾತ್ರೆಗೆ ಹೋದ ಹುಡುಗ ಮೊಬೈಲ್ ಎತ್ತಿ ಹಿಡಿಯುತ್ತಾನೆ. ಮನೆಗೆ ಬಂದು ತನ್ನ ಚಾನಲ್ಲಿಗೆ ಹಾಕುತ್ತಾನೆ. ‘ಸೂಪರ್ ಜಾನಪದ, ಕೊನೇವರೆಗೂ ನೋಡಿ’ ಅಂತ ತಲೆಬರಹ. ಹಾಡಿದವನ ಹೆಸರು? ಊಹೂಂ! ಜಾಹೀರಾತಿನ ಕಾಸು ಬಂದರೆ ಹುಡುಗನ ಖಾತೆಗೆ. ಗುಡ್ಡರಿಗೆ ವಿಷಯವೇ ಗೊತ್ತಿಲ್ಲ. ಹುಡುಗ ಕೆಟ್ಟವನೇನಲ್ಲ, ಅವನಿಗೂ ಹಾಡು ಇಷ್ಟವಾಗಿಯೇ ಹಾಕಿದ. ಆದರೆ ಇಷ್ಟಪಟ್ಟು ಹೊಲಕ್ಕೆ ನುಗ್ಗಿದರೂ ಬೆಳೆ ಹೊಲದವನದೇ ತಾನೇ?

ಇನ್ನೊಂದು ತಮಾಷೆ. ಚಿತ್ರದಲ್ಲಿ ಬಂದ ಜಾನಪದ ಗೀತೆಯ ರೆಕಾರ್ಡಿಂಗ್ ಆಡಿಯೋ ಕಂಪನಿಯ ಸೊತ್ತು. ಯೂಟ್ಯೂಬಿನಲ್ಲಿ ಹಾಡು ಹೋಲಿಸಿ ನೋಡುವ ಯಂತ್ರ ಇದೆ, ಕಂಟೆಂಟ್ ಐಡಿ ಅಂತಾರೆ. ಪರಂಪರೆಯ ಹಾಡುಗಾರ ತನ್ನ ಅಜ್ಜನಿಂದ ಕಲಿತ ಅದೇ ಪದ ಹಾಕಿದಾಗ ಯಂತ್ರ ಎಡವಿ ‘ಇದು ಇನ್ನೊಬ್ಬರದು’ ಅನ್ನಬಹುದು. ಹಾಗಾದರೆ ಹೆದರಬೇಕಾಗಿಲ್ಲ. ತಕರಾರು ಹಾಕಲು ದಾರಿ ಇದೆ. 5 ದಿನದೊಳಗೆ ಹಾಕಿದರೆ ಆಕ್ಷೇಪ ಬಂದ ದಿನದಿಂದಲೇ ಹಣವನ್ನು ಇತ್ಯರ್ಥದವರೆಗೆ ಎತ್ತಿಡುತ್ತಾರೆ. ಇದು ತಂಬೂರಿ ಹಿಡಿದ ಅಜ್ಜನಿಗೆ ಗೊತ್ತಿರೋಲ್ಲ. ನಿಮಗೆ ಗೊತ್ತಿರಬೇಕು!

ಬೈಯೋದೊಂದೇ ಅಲ್ಲ

ಹಾಗಾದರೆ ಆಪ್‌ಗಳೆಲ್ಲ ಮೋಸ, ಫೋನ್ ಒಡೆದು ಹಾಕಿ ಅನ್ನುತ್ತೀನಾ? ಛೇ, ಇಲ್ಲ. ಹಿಂದೆ ಗುಂಡ್ಲುಪೇಟೆಯ ಹುಡುಗ ಒಂದು ಹಾಡು ಹೊರಗೆ ತರಬೇಕಾದರೆ ಗಾಂಧಿನಗರದ ಮೆಟ್ಟಿಲು ಹತ್ತಬೇಕಿತ್ತು. ಈಗ ತೆರಕಣಾಂಬಿಯಲ್ಲಿ ಕೂತೇ ಲೋಕಕ್ಕೆ ಕೇಳಿಸಬಹುದು. ದುಬೈಯಲ್ಲಿ ದುಡಿಯುವ ನಮ್ಮ ಕಡೆಯವನು ರಾತ್ರಿ ಪಾಳಿ ಮುಗಿಸಿ ಸಿದ್ದಪ್ಪಾಜಿ ಕಥೆ ಕೇಳಬಹುದು. ಇದು ಸಣ್ಣ ವಿಷಯವಲ್ಲ.

ಲೆಕ್ಕ ಬಲ್ಲವನಿಗೆ ನಮ್ಮ ರಾತ್ರಿ ಕಥೆಯೇ ಬಂಡವಾಳವೂ ಆದೀತು. ಹೇಗೆ? ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, 12 ತಿಂಗಳಲ್ಲಿ 4,000 ಗಂಟೆ ನೋಡಿಕೆ ಬೇಕು. ಗಂಟೆ, ಗಮನಿಸಿ! ಇಲ್ಲಿ ಮೂವತ್ತು ಸೆಕೆಂಡಿನ ಆಟ ಇಲ್ಲ. ಮೂರು ನಿಮಿಷದ ಹಾಡಿನಲ್ಲಿ 4,000 ಗಂಟೆ ಆಗಬೇಕಾದರೆ 80,000 ಸಾರಿ ಪೂರ್ತಿ ನೋಡಬೇಕು. ನಾಲ್ಕು ಗಂಟೆ ಕೂತು ಕೇಳುವ ಕಥೆಗೆ ಸಾವಿರ ಜನ ಸಾಕು. ದೇವರ ಕೈಕಾಲು ಕತ್ತರಿಸಬೇಕಾಗಿಲ್ಲ! ಹೊಸ್ತಿಲು ದಾಟಿದ ಮೇಲೆ ಮಾಮೂಲಿ ವಿಡಿಯೋದ ಜಾಹೀರಾತು ಹಣದಲ್ಲಿ ನೂರಕ್ಕೆ 55 ಚಾನಲ್ಲಿನವರಿಗೆ. ಸಂಕಮ್ಮ ಕಣ್ಣೀರಿಡುವಾಗ ನಡುವೆ ಸೋಪಿನ ಜಾಹೀರಾತು ಬರುತ್ತೆ, ಏನು ಮಾಡೋದು. ಮ್ಯಾಟ್ನಿಯಲ್ಲಿ ಇಂಟರ್ವಲ್ ಅಂದುಕೊಳ್ಳಿ.

ಹಾಗಂತ ಇದೊಂದನ್ನೇ ನಂಬಿ ಹೊಟ್ಟೆ ಹೊರೆಯಬಹುದು ಅಂತ ನಾನು ಯಾವ ಹುಡುಗನಿಗೂ ಹೇಳಲಾರೆ. ಈ ಸೀಮೆಯ ಹಾಡುಗಾರನಿಗೆ ಅನ್ನ ಕೊಡುವುದು ಇಂದಿಗೂ ಎದುರಿಗೆ ಕೂತ ಜನ. ಜಾತ್ರೆ, ಹರಕೆಯ ಕಥೆ, ಮದುವೆ ಮನೆ, ಸರ್ಕಾರಿ ಉತ್ಸವ. ಹೆಸರು ಮಾಡಿದ ಬ್ಯಾಂಡುಗಳಿಗೂ ವೇದಿಕೆಯೇ ಆಧಾರ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಜಾತ್ರೆಗಳೂ ವೇದಿಕೆಗಳೂ ಒಟ್ಟಿಗೆ ನಿಂತಾಗ ಇದು ಎಲ್ಲರಿಗೂ ಅರ್ಥವಾಯಿತು. ಮನೆಯೊಳಗೆ ಕೂತ ಜನ ಫೋನಿನಲ್ಲಿ ಹಾಡು ಕೇಳುತ್ತಲೇ ಇದ್ದರು. ಹಾಡುಗಾರ ಮಾತ್ರ ದಿನಸಿ ಕಿಟ್ಟಿಗೆ ಕಾಯಬೇಕಾಯಿತು.

ನನ್ನ ಮಾತು ಇಷ್ಟೇ. ಆಪ್ ಅನ್ನೋದು ಹಾಡುಗಾರನ ಪೋಸ್ಟರ್ ಆಗಲಿ, ಅವನ ಕೂಲಿಯ ಬದಲಿ ಆಗದಿರಲಿ. ಪೋಸ್ಟರ್ ನೋಡಿ ಖುಷಿಪಟ್ಟು ಟಿಕೆಟ್ ತಗೊಳ್ಳದೆ ಮನೆಗೆ ಹೋದರೆ ಯಾವ ಚಿತ್ರ ಓಡುತ್ತೆ ಹೇಳಿ? ಅದರಲ್ಲೂ ಪೋಸ್ಟರಿನ ಮೇಲೆ ಅವನ ಹೆಸರೇ ಇಲ್ಲದಿದ್ದರೆ?

ನಿಮ್ಮ ಕೈಲಿ ಆಗೋದು

ಅಭಿಮಾನಿಗಳ ಶಕ್ತಿ ನನಗೆ ಗೊತ್ತು. ಕಟೌಟಿಗೆ ಹಾಲು ಸುರಿಯುವ ನೀವು ಮನಸ್ಸು ಮಾಡಿದರೆ ಒಂದು ಮೇಳವನ್ನು ಉಳಿಸಬಲ್ಲಿರಿ. ಮೊಬೈಲ್ ಚೆನ್ನಾಗಿ ಬಲ್ಲವರು ನಿಮ್ಮೂರ ಗುಡ್ಡರನ್ನೋ ನೀಲಗಾರರನ್ನೋ ಕಂಡು, ಅವರದೇ ಹೆಸರಲ್ಲಿ ಚಾನಲ್ ತೆರೆದುಕೊಡಿ. ಬ್ಯಾಂಕ್ ಖಾತೆ ಅವರದಿರಲಿ, ಪಾಸ್‌ವರ್ಡ್ ಅವರ ಮನೆಯಲ್ಲಿರಲಿ. ನಿಮ್ಮ ದುಡಿಮೆಗೆ ಪಾಲು ಬೇಕಾದರೆ ಮೊದಲೇ ಮಾತಾಡಿ, ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಯಾರಾದರೂ ‘ಇಲ್ಲೊಂದು ಹೆಬ್ಬೆಟ್ಟು ಒತ್ತಿ ಅಜ್ಜಾ’ ಅಂತ ಬಂದರೆ ಕಾಗದ ಇಸಿದುಕೊಂಡು ಜೋರಾಗಿ ಓದಿ ಹೇಳಿ. ‘ಎಲ್ಲ ಹಕ್ಕು, ಎಲ್ಲ ಕಾಲಕ್ಕೂ’ ಅಂತ ಇದ್ದರೆ ಪೆನ್ನು ಕೆಳಗಿಡಿಸಿ.

ಸ್ವಂತ ಹಾಡು ಬರೆದು ರಾಗ ಹಾಕುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಸಂಘದ ಸದಸ್ಯತ್ವದ ಬಗ್ಗೆ ವಿಚಾರಿಸಲಿ. ಬರೆದವರಿಗೆ, ರಾಗ ಹಾಕಿದವರಿಗೆ ಬರಬೇಕಾದ ರಾಯಲ್ಟಿ ವಸೂಲಿ ಮಾಡುವುದು ಅದರ ಕೆಲಸ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ಅರ್ಜಿ ತುಂಬಿಕೊಡೋಕೆ ಓದು ಬಂದ ಒಬ್ಬ ಹುಡುಗ ಬೇಕು, ಅಷ್ಟೆ.

ಕೊನೆಯದಾಗಿ, ನಿಮ್ಮ ನಾಯಕನ ಹುಟ್ಟುಹಬ್ಬಕ್ಕೆ ಡಿಜೆ ತರಿಸುತ್ತೀರಲ್ಲ, ಈ ಸಲ ಒಂದು ಕಂಸಾಳೆ ಮೇಳ ಕರೆಸಿ ನೋಡಿ. ಡಿಜೆಗೆ ಎಷ್ಟು ಕೊಡುತ್ತಿದ್ದಿರೋ ಅಷ್ಟೇ ಕೊಡಿ, ಚೌಕಾಶಿ ಬೇಡ. ಕಂಸಾಳೆ ಗಾಳಿಯಲ್ಲಿ ತಿರುಗುವಾಗ ಶಿಳ್ಳೆ ಹೊಡೆಯದೆ ಇರೋಕೆ ನಿಮ್ಮ ಕೈಲಿ ಆದರೆ ನನಗೆ ಬರೆಯಿರಿ. ಮೇಳದವರ ಹೆಸರು, ಊರು ಅವರನ್ನು ಕೇಳಿಕೊಂಡೇ ಬರೆದು ಕಳಿಸಿ, ಈ ಅಂಕಣದಲ್ಲಿ ಅಚ್ಚು ಹಾಕೋಣ.

ಮುಂದಿನ ವಾರ ಸಿಗೋಣ. ನಮಸ್ಕಾರ!